ಹೆರೆದರೂ ಉಳಿದ ಅಕ್ಷರ: ‘ಪ್ಯಾಲಿಂಪ್‌ಸೆಸ್ಟ್’ ಪದದ ಅರ್ಥ ಮತ್ತು ಮೂಲ

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ರಾಯಚೂರು ಕೋಟೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಒಂದು ಬರಹದಲ್ಲಿ ಆ ಕೋಟೆಯನ್ನು ‘ಎ ಪ್ಯಾಲಿಂಪ್‌ಸೆಸ್ಟ್ ಆಫ್ ಡೈನಾಸ್ಟೀಸ್’ ಎಂದು ಕರೆದಿದ್ದರು. ನಿಘಂಟು ತೆಗೆದು ನೋಡಿದರೆ ಅದು ಹಸ್ತಪ್ರತಿಯ ಒಂದು ಬಗೆ ಎಂದಿದೆ. ಕೋಟೆ ಹೇಗೆ ಹಸ್ತಪ್ರತಿಯಾದೀತು? ಈ ಪದ ಎಲ್ಲಿಂದ ಬಂತು? ‘ಪ್ಯಾಲಿಂಡ್ರೋಮ್’ ಎಂಬ ಪದಕ್ಕೂ ಇದಕ್ಕೂ ನಂಟಿದೆಯೇ? ಕ್ರೈಸ್ತ ಸನ್ಯಾಸಿಗಳು ಹಳೆಯ ಗ್ರಂಥಗಳನ್ನು ದ್ವೇಷದಿಂದ ಅಳಿಸಿದ್ದರಿಂದ ಈ ಪದ ಹುಟ್ಟಿತೆಂದು ತರಗತಿಯಲ್ಲಿ ಕೇಳಿದ್ದೆ, ಅದು ನಿಜವೇ? ಕನ್ನಡದಲ್ಲಿ ಇದನ್ನು ಏನೆಂದು ಬರೆಯಬೇಕು?

ಉತ್ತರ: ನಿಮ್ಮ ನಿಘಂಟು ಹೇಳಿದ್ದು ಸರಿಯಾಗಿದೆ. ಒಮ್ಮೆ ಬರೆದದ್ದನ್ನು ಹೆರೆದು ಅಥವಾ ತೊಳೆದು ತೆಗೆದು, ಅದೇ ಹಾಳೆಯ ಮೇಲೆ ಮತ್ತೊಂದನ್ನು ಬರೆದಿರುವ, ಆದರೆ ಕೆಳಗಿನ ಹಳೆಯ ಬರಹದ ಗುರುತು ಪೂರ್ತಿ ಅಳಿಯದೆ ಉಳಿದಿರುವ ಹಸ್ತಪ್ರತಿಗೆ ಪ್ಯಾಲಿಂಪ್‌ಸೆಸ್ಟ್ ಎಂದು ಹೆಸರು. ಇದು ಪದದ ಮೂಲಾರ್ಥ. ಇದರಿಂದ ಬೆಳೆದ ಎರಡನೆಯ ಅರ್ಥದಲ್ಲಿ, ಹಳೆಯದನ್ನು ಅಳಿಸಿ ಹೊಸದನ್ನು ಮೂಡಿಸಿದ ಮೇಲೂ ಹಳೆಯದು ಕೆಳಗಿನಿಂದ ಇಣುಕುವ ಯಾವುದೇ ವಸ್ತು, ಊರು, ಕಟ್ಟಡ, ಮನಸ್ಸು ಅಥವಾ ಕೃತಿಯನ್ನು ಈ ಪದದಿಂದ ಕರೆಯುತ್ತಾರೆ. ನೀವು ಓದಿದ ಲೇಖಕರು ಎರಡನೆಯ ಅರ್ಥದಲ್ಲಿ ಬಳಸಿದ್ದಾರೆ. ಆ ಬಳಕೆ ಆ ಕೋಟೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ, ಏಕೆಂದರೆ ಅದಕ್ಕೆ ಪದದ ಒಳಗನ್ನು ಮೊದಲು ತಿಳಿಯಬೇಕು.

ಬಳ್ಳಾರಿಯಲ್ಲಿ ಮೂರು ದಶಕ ಇಂಗ್ಲಿಷ್ ಪಾಠ ಹೇಳಿದ ನಾನು ಈ ಪದವನ್ನು ವಿವರಿಸಬೇಕಾದಾಗಲೆಲ್ಲ ಪಾಟಿಯಿಂದ ಆರಂಭಿಸುತ್ತಿದ್ದೆ. ಸಿರುಗುಪ್ಪ ಕಡೆಯ ಹಳ್ಳಿಶಾಲೆಯಲ್ಲಿ ನಾವು ಅಕ್ಷರ ಕಲಿಯುವಾಗ ಪಾಟಿ ಬೆಳ್ಳಗಾದರೆ ಇದ್ದಿಲು ಮತ್ತು ಸೊಪ್ಪಿನ ರಸ ಸೇರಿಸಿ ಉಜ್ಜಿ ಕಪ್ಪು ಮಾಡುತ್ತಿದ್ದೆವು. ಒದ್ದೆ ಅರಿವೆಯಿಂದ ಒರೆಸಿದರೆ ಬರೆದದ್ದು ಹೋಗುತ್ತಿತ್ತು. ಆದರೆ ಹೊಸದಾಗಿ ಅಕ್ಷರ ಕಲಿತ ಕೈ ಬಳಪವನ್ನು ಬಲವಾಗಿ ಒತ್ತಿ ಬರೆದಿದ್ದ ‘ಅ’ಕಾರದ ಗೀರು ಮಾತ್ರ ಕಲ್ಲಿನಲ್ಲಿ ಉಳಿಯುತ್ತಿತ್ತು. ಮರುವರ್ಷ ಅದೇ ಪಾಟಿಯ ಮೇಲೆ ಮಗ್ಗಿ ಬರೆದು, ಕಿಟಕಿಯ ಓರೆ ಬಿಸಿಲಿಗೆ ಹಿಡಿದರೆ, ಹನ್ನೆರಡರ ಮಗ್ಗಿಯ ಅಡಿಯಲ್ಲಿ ಆ ‘ಅ’ಕಾರ ಕಾಣುತ್ತಿತ್ತು. ಆ ಪಾಟಿ ಒಂದು ಪ್ಯಾಲಿಂಪ್‌ಸೆಸ್ಟ್. ಮೇಲಿನ ಬರಹ, ಕೆಳಗಿನ ಬರಹ, ನಡುವೆ ಒರೆಸಿದ ಅರಿವೆ, ಈ ಮೂರೂ ಇದ್ದಾಗಲೇ ಪದ ಪೂರ್ಣವಾಗುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ ಎಂಬುದು ನನ್ನ ಮುಖ್ಯ ತಕರಾರು, ಈ ಉತ್ತರದ ಉದ್ದಕ್ಕೂ ಅದಕ್ಕೆ ಮರಳುತ್ತಿರುತ್ತೇನೆ.

ಈಗ ಮೂಲಕ್ಕೆ ಬರೋಣ. ಇಂಗ್ಲಿಷಿಗೆ ಈ ಪದ 17ನೇ ಶತಮಾನದಲ್ಲಿ ಲ್ಯಾಟಿನ್ನಿನ ‘ಪಾಲಿಂಪ್ಸೆಸ್ಟುಸ್’ ಮೂಲಕ ಬಂತು, ಲ್ಯಾಟಿನ್ನಿಗೆ ಗ್ರೀಕಿನ ‘ಪಾಲಿಂಪ್ಸೆಸ್ಟೋಸ್’ ಎಂಬುದರಿಂದ ಬಂದಿತ್ತು. ಗ್ರೀಕಿನಲ್ಲಿ ಅದು ಎರಡು ತುಂಡುಗಳ ಜೋಡಣೆ. ಮೊದಲನೆಯದು ‘ಪಾಲಿನ್’. ಅದಕ್ಕೆ ‘ಹಿಂದಕ್ಕೆ’ ಎಂಬ ಅರ್ಥವೂ ಇದೆ, ‘ಮತ್ತೆ’ ಎಂಬ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದ ಬೇಕು, ಆದರೆ ಕನ್ನಡಿಗರಿಗೆ ಇದು ಕೂಡಲೇ ಅರ್ಥವಾಗಬೇಕು, ಏಕೆಂದರೆ ನಮ್ಮ ‘ಮರಳಿ’ ಎಂಬ ಪದ ಇದೇ ಕೆಲಸವನ್ನು ಮಾಡುತ್ತದೆ. ‘ಊರಿಗೆ ಮರಳಿದ’ ಎಂದಾಗ ಅದು ಹಿಂದಕ್ಕೆ ಬರುವುದು, ‘ಮರಳಿ ಯತ್ನವ ಮಾಡು’ ಎಂದಾಗ ಅದು ಮತ್ತೊಮ್ಮೆ ಮಾಡುವುದು. ಎರಡನೆಯ ತುಂಡು ಉಜ್ಜು, ತಿಕ್ಕು, ಹೆರೆದು ನುಣುಪು ಮಾಡು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ‘ಪ್ಸೆಸ್ಟೋಸ್’. ಹೀಗಾಗಿ ಇಡೀ ಪದವನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಮರಳಿ ಹೆರೆದದ್ದು’ ಎಂದಾಗುತ್ತದೆ. ‘ಪಾಲಿನ್’ನ ಕೊನೆಯ ನಕಾರ ಪಕಾರದ ಮುಂದೆ ಮಕಾರವಾದದ್ದಕ್ಕೆ ಗ್ರೀಕ್ ವ್ಯಾಕರಣ ತೆರೆಯಬೇಕಿಲ್ಲ. ‘ಸಂತೋಷ’ ಎನ್ನುವಾಗ ಸೊನ್ನೆಯನ್ನು ನಕಾರವಾಗಿಯೂ ‘ಸಂಪತ್ತು’ ಎನ್ನುವಾಗ ಮಕಾರವಾಗಿಯೂ ನಮ್ಮ ನಾಲಿಗೆ ತಾನಾಗಿಯೇ ಉಚ್ಚರಿಸುತ್ತದೆ, ಅಲ್ಲಿ ನಡೆದದ್ದೂ ಅದೇ.

ನಿಮ್ಮ ಊಹೆಯಂತೆ ಪ್ಯಾಲಿಂಡ್ರೋಮ್ ಇದಕ್ಕೆ ಹತ್ತಿರದ ಸಂಬಂಧಿ. ಅಲ್ಲಿಯೂ ಮೊದಲ ತುಂಡು ‘ಪಾಲಿನ್’, ಎರಡನೆಯದು ‘ಓಟ’ ಎಂಬ ಅರ್ಥದ ‘ದ್ರೊಮೊಸ್’. ಓಡಿ ಹೋದ ದಾರಿಯಲ್ಲೇ ಮರಳಿ ಓಡಿಬರುವ ಪದ ಅದು, ನಮ್ಮ ‘ವಿಕಟಕವಿ’, ‘ನವಜೀವನ’ ಇದ್ದಂತೆ. ಹಿಂದೆ ಹಾಡಿದ್ದನ್ನು ಹಿಂತೆಗೆದುಕೊಂಡು ಹಾಡುವ ಕವಿತೆಗೆ ‘ಪ್ಯಾಲಿನೋಡ್’ ಎನ್ನುತ್ತಾರೆ, ಅದೂ ಇದೇ ಮನೆಯ ಪದ. ಪ್ಯಾಲಿಂಪ್‌ಸೆಸ್ಟ್ ಪದದ ಉಚ್ಚಾರಣೆಯಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಬರೆಯುವಾಗ ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವ ಅಕ್ಷರ ನಡುವಿನ ಪಿ. ಅದನ್ನು ಬಿಟ್ಟರೆ ಎರಡನೆಯ ತುಂಡಿನ ತಲೆಯನ್ನೇ ಕತ್ತರಿಸಿದಂತೆ ಆಗುತ್ತದೆ ಎಂದು ನೆನಪಿಟ್ಟುಕೊಂಡರೆ ಮುಂದೆ ತಪ್ಪುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಗಮನಿಸಬೇಕೆಂದು ಕೋರುತ್ತೇನೆ. ಈ ಪದದ ಎರಡು ತುಂಡುಗಳಲ್ಲಿ ಎಲ್ಲಿಯೂ ‘ಬರೆ’ ಎಂಬ ಅರ್ಥವಿಲ್ಲ. ಪದರ ಎಂಬ ಅರ್ಥವೂ ಇಲ್ಲ. ಇರುವುದು ಹೆರೆಯುವ ಕ್ರಿಯೆ ಮಾತ್ರ. ಗ್ರೀಕರು ಆ ಹಾಳೆಯನ್ನು ನೋಡಿ ಅದರ ಮೇಲಿನ ಬರಹಕ್ಕಲ್ಲದೆ ಅದು ಅನುಭವಿಸಿದ ಉಜ್ಜುವಿಕೆಗೆ ಹೆಸರಿಟ್ಟರು. ಯುರೋಪಿನ ಭಾಷೆಗಳಲ್ಲಿ ಅಳಿಸುವುದು ಎಂದರೆ ಮೊದಲಿಗೆ ಕೈಯಿಂದ ಹೆರೆಯುವ ಕೆಲಸವೇ ಆಗಿತ್ತು. ಇಂಗ್ಲಿಷಿನ ‘ಇರೇಸ್’ ಎಂಬ ಕ್ರಿಯಾಪದ ‘ಹೆರೆದು ಹೊರಹಾಕು’ ಎಂಬ ಅರ್ಥದ ಲ್ಯಾಟಿನ್ ರೂಪದಿಂದ ಬಂದದ್ದು, ಕ್ಷೌರದ ‘ರೇಜರ್’ ಅದರ ದಾಯಾದಿ. ‘ಟಾಬುಲಾ ರಾಸಾ’ ಎಂಬ ಲ್ಯಾಟಿನ್ ನುಡಿಯನ್ನು ‘ಖಾಲಿ ಹಲಗೆ’ ಎಂದು ಅನುವಾದಿಸುವ ರೂಢಿ ಇದೆ, ಆದರೆ ಅದರ ನಿಜಾರ್ಥ ‘ಹೆರೆದ ಹಲಗೆ’. ರೋಮನ್ನರು ಮೇಣ ಬಳಿದ ಮರದ ಹಲಗೆಯ ಮೇಲೆ ಕಡ್ಡಿಯಿಂದ ಗೀಚಿ ಬರೆದು, ಬೇಡವಾದಾಗ ಮೇಣವನ್ನು ಸವರಿ ಸಮ ಮಾಡಿ ಮತ್ತೆ ಬರೆಯುತ್ತಿದ್ದರು. ಕನ್ನಡದ ‘ಅಳಿಸು’ ಬೇರೆ ಜಾತಿಯ ಪದ, ಅದು ‘ಅಳಿ’, ಅಂದರೆ ಇಲ್ಲವಾಗು, ಎಂಬುದರಿಂದ ಬಂದಿದೆ. ನಮ್ಮಲ್ಲಿ ಅಳಿಸಿದ್ದು ಇಲ್ಲವಾಗುತ್ತದೆ, ಅವರಲ್ಲಿ ಅಳಿಸಿದ್ದು ಹೆರೆಯಲ್ಪಡುತ್ತದೆ ಅಷ್ಟೆ, ಹೆರೆದ ಮೇಲೆ ಏನಾದರೂ ಉಳಿಯಬಹುದು. ಈ ವ್ಯತ್ಯಾಸದಿಂದಾಗಿಯೇ ಪ್ಯಾಲಿಂಪ್‌ಸೆಸ್ಟ್ ಪದಕ್ಕೆ ‘ಅಳಿಸಿದ’ ಎಂಬುದನ್ನು ಮುಂದಿಟ್ಟು ಕನ್ನಡ ಪದ ಕಟ್ಟಲು ನನಗೆ ಮನಸ್ಸಾಗುವುದಿಲ್ಲ.

ಪ್ರಾಚೀನ ರೋಮಿನಲ್ಲಿ ಪ್ಯಾಲಿಂಪ್‌ಸೆಸ್ಟ್ ಎಂದರೆ ಗೌರವದ ವಸ್ತುವೇನೂ ಆಗಿರಲಿಲ್ಲ. ನಾವು ರದ್ದಿ ಹಾಳೆ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಕವಿ ಕಟುಲ್ಲುಸ್ ಸುಫೆನುಸ್ ಎಂಬ ಕೆಟ್ಟ ಕವಿಯನ್ನು ಟೀಕಿಸುವಾಗ, ಈತ ಸಾವಿರಾರು ಸಾಲು ಬರೆಯುತ್ತಾನೆ, ಅದನ್ನೂ ಎಲ್ಲರಂತೆ ಪ್ಯಾಲಿಂಪ್‌ಸೆಸ್ಟಿನ ಮೇಲೆ ಬರೆಯದೆ ಹೊಚ್ಚಹೊಸ ರಾಜಯೋಗ್ಯ ಹಾಳೆಯ ಮೇಲೆ ಬರೆಯುತ್ತಾನೆ ಎಂದು ಹೇಳುತ್ತಾನೆ. ಕಚ್ಚಾ ಬರಹಕ್ಕೆ ಹೆರೆದ ಹಾಳೆ ಸಾಕು ಎಂಬುದು ಆ ಕಾಲದ ಲೋಕರೂಢಿಯಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಅದೇ ಕಾಲದ ರೋಮನ್ ವಾಗ್ಮಿ ಸಿಸೆರೊಗೆ ಅವನ ಕಿರಿಯ ಸ್ನೇಹಿತ, ಕಾನೂನು ಬಲ್ಲ ಟ್ರೆಬಾಟಿಯುಸ್, ಗಾಲ್ ಪ್ರಾಂತದಿಂದ ಹೆರೆದ ಹಾಳೆಯ ಮೇಲೆ ಒಂದು ಪತ್ರ ಬರೆದ. ಕ್ರಿಸ್ತಪೂರ್ವ 53ರ ಸುಮಾರಿಗೆ ಸಿಸೆರೊ ಬರೆದ ಮಾರೋಲೆ ಇಂದಿಗೂ ಉಳಿದಿದೆ. ನಿನ್ನ ಮಿತವ್ಯಯ ಮೆಚ್ಚಿದೆ, ಆದರೆ ನನಗೆ ಪತ್ರ ಬರೆಯಲೆಂದು ನೀನು ಅಳಿಸಿಹಾಕಿದ ಆ ಮೊದಲಿನ ಬರಹ ಯಾವುದಿರಬಹುದು ಎಂದು ನಾನು ಯೋಚಿಸುತ್ತಿದ್ದೇನೆ ಎಂಬುದು ಅವನ ಮಾತಿನ ತಿರುಳು. ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಓದುಗನ ಕಣ್ಣು ಮೇಲಿನ ಬರಹವನ್ನು ದಾಟಿ ಕೆಳಗಿನದರ ಕಡೆಗೆ ಹೋಗಿತ್ತು. ಪದದ ಮೇಲೆ ನನಗಿರುವ ಪ್ರೀತಿಯಲ್ಲಿ ಈ ಪತ್ರಕ್ಕೆ ದೊಡ್ಡ ಪಾಲಿದೆ.

ಈ ಪದದ ರೂಪಕಾರ್ಥ ಆಧುನಿಕ ಲೇಖಕರ ಸೃಷ್ಟಿ ಎಂದು ಕೆಲವರು ಬರೆಯುತ್ತಾರೆ. ಅದನ್ನು ಒಪ್ಪಲಾಗದು. ಸಿಸಿಲಿಯ ನಿರಂಕುಶ ದೊರೆ ಡಿಯೊನಿಸಿಯುಸ್‌ನಿಗೆ ತತ್ತ್ವ ಕಲಿಸಲು ಪ್ಲೇಟೊ ಹೋದಾಗ, ಆ ದೊರೆ ಆಗಲೇ ಗೀಚಿ ಒರೆಸಿದ ಹಾಳೆಯಂತೆ ಆಗಿದ್ದ, ನಿರಂಕುಶತೆಯ ಬಣ್ಣ ಅವನಿಂದ ತೊಳೆದುಹೋಗುವಂತಿರಲಿಲ್ಲ ಎಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅವನು ಬಳಸಿದ್ದು ಇದೇ ಪದವನ್ನು.

ಈ ಪದ ದೊಡ್ಡ ಇತಿಹಾಸಕ್ಕೆ ಸೇರಿದ್ದು ಚರ್ಮದ ಹಾಳೆಗಳು ಬಂದ ಮೇಲೆ. ಕುರಿ, ಮೇಕೆ, ಕರುಗಳ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಎಳೆದು ಕಟ್ಟಿ, ಬಾಗಿದ ಕತ್ತಿಯಿಂದ ಹೆರೆದು ಒಣಗಿಸಿದರೆ ಬರೆಯಲು ಯೋಗ್ಯವಾದ ಹಾಳೆ ಸಿಗುತ್ತದೆ. ಒಂದು ದೊಡ್ಡ ಬೈಬಲ್ ಪ್ರತಿಗೆ ನೂರಾರು ಪ್ರಾಣಿಗಳ ಚರ್ಮ ಬೇಕಾಗುತ್ತಿತ್ತು. ಹೀಗಾಗಿ ಮಠದಲ್ಲಿ ಯಾರೂ ಓದದೆ ಮೂಲೆಗೆ ಬಿದ್ದ ಹೊತ್ತಿಗೆ ಇದ್ದರೆ, ಹೊಸ ಚರ್ಮಕ್ಕೆ ಹಣ ತೆರುವುದಕ್ಕಿಂತ ಹಳೆಯದರ ಹೊಲಿಗೆ ಬಿಚ್ಚಿ, ಹಾಲು ಮತ್ತು ಓಟ್ಸ್ ಧಾನ್ಯದ ತೌಡಿನಿಂದ ತೊಳೆದು, ಉಳಿದದ್ದನ್ನು ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನಿಂದ ಉಜ್ಜಿ ಮತ್ತೆ ಬಳಸುವುದೇ ಸುಲಭವಾಗಿತ್ತು. ಅವರ ಶಾಯಿ ಓಕ್ ಮರದ ಗಂಟುಕಾಯಿಯ ಒಗರು ಮತ್ತು ಕಬ್ಬಿಣದ ಲವಣ ಸೇರಿ ಆದದ್ದು. ಅದು ಚರ್ಮದ ಮೇಲೆ ಕೂರುವುದಷ್ಟೇ ಅಲ್ಲದೆ ಒಳಕ್ಕೂ ಕಚ್ಚಿಕೊಳ್ಳುತ್ತದೆ. ಮೇಲ್ಮೈಯನ್ನು ಎಷ್ಟು ಉಜ್ಜಿದರೂ ಒಳಗೆ ಇಳಿದದ್ದು ಉಳಿಯುತ್ತದೆ, ಕಾಲ ಕಳೆದಂತೆ ಕೆಲವೆಡೆ ತಿಳಿಕಂದು ಬಣ್ಣದಲ್ಲಿ ಮರಳಿ ಮೇಲೆ ಕಾಣತೊಡಗುತ್ತದೆ.

ದ್ವೇಷದ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಪದ ಹುಟ್ಟಿದ್ದು ಕ್ರೈಸ್ತಮತಕ್ಕಿಂತ ಮುಂಚೆ ಎಂಬುದನ್ನು ಆಗಲೇ ನೋಡಿದೆವು, ಆದ್ದರಿಂದ ತರಗತಿಯಲ್ಲಿ ನೀವು ಕೇಳಿದ ವ್ಯುತ್ಪತ್ತಿ ನಿಲ್ಲುವುದಿಲ್ಲ. ಹೆರೆದದ್ದಕ್ಕೆ ಕಾರಣವೂ ಬಹುಮಟ್ಟಿಗೆ ಚರ್ಮದ ಬೆಲೆ ಮತ್ತು ಓದುಗರ ಕೊರತೆ. ಪ್ಯಾರಿಸ್ಸಿನಲ್ಲಿರುವ ‘ಕೋಡೆಕ್ಸ್ ಎಫ್ರೇಮಿ’ ಎಂಬ ಪ್ರಸಿದ್ಧ ಪ್ರತಿಯಲ್ಲಿ ಹೆರೆಯಲ್ಪಟ್ಟದ್ದು 5ನೇ ಶತಮಾನದ ಗ್ರೀಕ್ ಬೈಬಲ್! ಅದರ ಮೇಲೆ 12ನೇ ಶತಮಾನದಲ್ಲಿ ಸಿರಿಯಾದ ಸಂತ ಎಫ್ರೇಮನ ಬರಹಗಳನ್ನು ಬರೆದರು. ತಮ್ಮ ಧರ್ಮಗ್ರಂಥವನ್ನೇ ಹೆರೆದವರನ್ನು ಅನ್ಯಮತದ್ವೇಷಿಗಳೆಂದು ಹೇಗೆ ಹೇಳುವುದು? ಇಂಥದ್ದು ನಡೆಯುತ್ತಿದ್ದುದರಿಂದಲೇ 692ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಧರ್ಮಸಭೆ, ಪೂರ್ತಿ ಹಾಳಾಗದ ಪವಿತ್ರಗ್ರಂಥಗಳ ಪ್ರತಿಗಳನ್ನು ಕೆಡಿಸಬಾರದೆಂದು ನಿಯಮ ಮಾಡಬೇಕಾಯಿತು. ಗಾಥಿಕ್ ಭಾಷೆಯ ಬೈಬಲ್ಲಿನ ಎಷ್ಟೋ ಹಾಳೆಗಳನ್ನು ಇಟಲಿಯಲ್ಲಿ ಹೆರೆದದ್ದು ಆ ಭಾಷೆ ಓದುವವರು ಅಲ್ಲಿ ಉಳಿಯದೇ ಹೋದದ್ದರಿಂದ. ಓದುವವರಿಲ್ಲದ ಭಾಷೆಯ ಪುಸ್ತಕಕ್ಕೆ ಬಂದ ಆ ಗತಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಹೆರೆದದ್ದನ್ನು ಮರಳಿ ಓದಿದ ಕಥೆ ಇನ್ನೂ ಸೊಗಸಾಗಿದೆ. 1819ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಆಂಜೆಲೊ ಮಾಯಿ, ಬೈಬಲ್ಲಿನ ಕೀರ್ತನೆಗಳಿಗೆ ಸಂತ ಆಗಸ್ಟಿನ್ ಬರೆದ ವ್ಯಾಖ್ಯಾನವಿದ್ದ ಒಂದು ಪ್ರತಿಯ ಅಡಿಯಲ್ಲಿ, ಬಹುಪಾಲು ಕಳೆದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಸಿಸೆರೊನ ರಾಜ್ಯಶಾಸ್ತ್ರ ಗ್ರಂಥದ ದೊಡ್ಡ ಭಾಗವನ್ನು ಕಂಡ. ಸ್ನೇಹಿತನ ಪತ್ರದ ಅಡಿಯಲ್ಲಿ ಏನಿತ್ತೆಂದು ಕೇಳಿದ ಸಿಸೆರೊನ ಸ್ವಂತ ಬರಹವೇ ಮತ್ತೊಬ್ಬರ ಬರಹದ ಅಡಿಯಲ್ಲಿ ನೂರಾರು ವರ್ಷ ಉಳಿದಿತ್ತು! ಮಾಯಿ ಮತ್ತು ಆ ಕಾಲದವರು ಮಸುಕಾದ ಅಕ್ಷರ ಎದ್ದು ಕಾಣಲೆಂದು ಹಾಳೆಗೆ ಒಗರುಕಾಯಿಯ ಕಷಾಯದಂಥ ರಾಸಾಯನಿಕಗಳನ್ನು ಸವರುತ್ತಿದ್ದರು. ಅಕ್ಷರ ಕ್ಷಣಕಾಲ ಕಂಡಿತು, ಆದರೆ ಎಷ್ಟೋ ಹಾಳೆಗಳು ಮುಂದೆ ಕಲೆಗಟ್ಟಿ ಹಾಳಾದವು. ಇಂದು ಆ ಕೆಲಸವನ್ನು ಬೆಳಕು ಮಾಡುತ್ತದೆ. ನೇರಳಾತೀತ ಕಿರಣ ಬಿದ್ದಾಗ ಚರ್ಮ ಮಂದವಾಗಿ ಹೊಳೆಯುತ್ತದೆ, ಶಾಯಿ ಇಳಿದ ಜಾಗ ಹೊಳೆಯದೆ ಕಪ್ಪಾಗಿ ಕಾಣುತ್ತದೆ.

ಹೀಗೆ ಓದಿದವುಗಳಲ್ಲಿ ಹೆಸರಾದದ್ದು ಆರ್ಕಿಮಿಡೀಸನ ಪ್ರತಿ. 10ನೇ ಶತಮಾನದಲ್ಲಿ ನಕಲು ಮಾಡಿದ ಅವನ ಗಣಿತ ಗ್ರಂಥಗಳನ್ನು ಹೆರೆದು, ಹಾಳೆಗಳನ್ನು ಅಡ್ಡಕ್ಕೆ ತಿರುಗಿಸಿ ಮಡಚಿ, 1229ರಲ್ಲಿ ಒಂದು ಪ್ರಾರ್ಥನಾ ಪುಸ್ತಕವನ್ನಾಗಿ ಮಾಡಿದ್ದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಭೂತಕನ್ನಡಿ ಹಿಡಿದು ಅದರ ಕೆಳಬರಹವನ್ನು ಗುರುತಿಸಿದ. ಆ ಬಳಿಕ ಕಣ್ಮರೆಯಾದ ಪುಸ್ತಕ 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಗಿ, ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಪರೀಕ್ಷೆಗೆ ಒಳಗಾಯಿತು. ಆರ್ಕಿಮಿಡೀಸ್ ತಾನು ಪ್ರಮೇಯಗಳನ್ನು ಕಂಡುಕೊಂಡ ಬಗೆಯನ್ನು ವಿವರಿಸಿರುವ ‘ಮೆಥಡ್’ ಎಂಬ ಕೃತಿ ಉಳಿದಿರುವುದು ಆ ಪ್ರಾರ್ಥನೆಗಳ ಅಡಿಯಲ್ಲಿ ಮಾತ್ರ. ಚರ್ಮಕ್ಕಾಗಿ ಅದನ್ನು ಹೆರೆದವರೇ ಆ ಚರ್ಮವನ್ನು ಪ್ರಾರ್ಥನಾ ಪುಸ್ತಕವಾಗಿಸಿ ಕಾಪಾಡಿದರು ಎಂಬುದನ್ನೂ ಮರೆಯಬಾರದು.

ನಮ್ಮ ನಾಡಿನಲ್ಲಿ ಇಂಥ ವಸ್ತು ಇತ್ತೇ ಎಂದು ನೀವು ಕೇಳಿಲ್ಲ, ಆದರೂ ಕನ್ನಡ ಪದದ ಪ್ರಶ್ನೆಗೆ ಇದು ಬೇಕಾಗುತ್ತದೆ. ತಾಳೆಗರಿಯಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ‘ಕಂಠ’ ಎಂಬ ಚೂಪಾದ ಲೋಹದ ಕಡ್ಡಿಯಿಂದ ಅಕ್ಷರವನ್ನು ಗರಿಯೊಳಗೆ ಕೊರೆದು, ಆಮೇಲೆ ಮಸಿ ಸವರಿ ಒರೆಸುತ್ತಾರೆ. ಅದನ್ನು ಹೆರೆಯಲು ಹೋದರೆ ಗರಿಯೇ ಹೋಗುತ್ತದೆ, ಮೇಲಾಗಿ ಗರಿ ಚರ್ಮದಷ್ಟು ದುಬಾರಿಯೂ ಅಲ್ಲ. ಓಲೆ ಹಳತಾದರೆ ಹೊಸ ಓಲೆಗೆ ನಕಲು ಮಾಡಿಕೊಂಡು ಹಳೆಯದನ್ನು ಬಿಟ್ಟುಬಿಡುವುದು ನಮ್ಮ ಪದ್ಧತಿ. ತಾಮ್ರಪಟಗಳ ವಿಷಯ ಬೇರೆ. ಹಳೆಯ ದಾನಶಾಸನದ ಅಕ್ಷರಗಳನ್ನು ಸುತ್ತಿಗೆಯಿಂದ ತಟ್ಟಿ ಅಳಿಸಿ, ಅದೇ ಹಲಗೆಯ ಮೇಲೆ ಹೊಸ ದಾನವನ್ನು ಕೊರೆದ ಪಟಗಳು ಭಾರತದಲ್ಲಿ ದೊರೆತಿವೆ, ಶಾಸನತಜ್ಞರು ಅವನ್ನು ಪ್ಯಾಲಿಂಪ್‌ಸೆಸ್ಟ್ ಎಂದೇ ಕರೆಯುತ್ತಾರೆ.

ಆದರೆ ಕನ್ನಡ ನಾಡಿನ ನಿಜವಾದ ಜೋಡಿ ಎಂದರೆ ಕಡತ. ಇಂದು ಕಡತ ಎಂದರೆ ಕಚೇರಿಯ ಫೈಲು. ಮೊದಲು ಅದು ಬಟ್ಟೆಯ ಪುಸ್ತಕವಾಗಿತ್ತು. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿ ಮಾಡಿ, ಕರಿಹಲಗೆಯಂತಾದ ಅದನ್ನು ಹಿಂದುಮುಂದಾಗಿ ಮಡಚಿ, ಬಳಪದಿಂದ ಬಿಳಿ ಅಕ್ಷರದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಇಂಥ ಕಡತಗಳಿವೆ, ವ್ಯಾಪಾರಿಗಳ ಲೆಕ್ಕವೂ ಇದರಲ್ಲೇ ಇರುತ್ತಿತ್ತು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಈ ಪದದ ಸ್ವಂತ ಬಾಳನ್ನೇ ನೋಡಿ: ‘ಕಡತ’ದ ಮೇಲಿದ್ದ ಬಟ್ಟೆಯ ಅರ್ಥವನ್ನು ಕಾಲ ಒರೆಸಿತು, ಅದರ ಮೇಲೆ ಕಾಗದದ ಫೈಲಿನ ಅರ್ಥ ಕೂತಿತು, ಆದರೂ ತಹಶೀಲ್ ಕಚೇರಿಯಲ್ಲಿ ‘ಕಡತ ವಿಲೇವಾರಿ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಅಡಿಯಲ್ಲಿರುವ ಆ ಕಪ್ಪು ಬಟ್ಟೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ಅರ್ಥ ಹರಡಿದ್ದು ಮುಖ್ಯವಾಗಿ 19ನೇ ಶತಮಾನದಲ್ಲಿ. ಮಾಯಿಯ ಶೋಧಗಳು ಸುದ್ದಿಯಾದ ಬಳಿಕ, 1845ರಲ್ಲಿ ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ ಮನುಷ್ಯನ ಮಿದುಳೇ ಒಂದು ಪ್ಯಾಲಿಂಪ್‌ಸೆಸ್ಟ್ ಎಂದು ಬರೆದ, ಹೊಸ ಅನುಭವ ಹಳೆಯದನ್ನು ಮುಚ್ಚಿದಂತೆ ತೋರಿದರೂ ಯಾವುದೂ ಅಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಇಂಗ್ಲೆಂಡಿನ ಚರ್ಚುಗಳಲ್ಲಿ ಸಮಾಧಿಯ ಹಿತ್ತಾಳೆ ಫಲಕಗಳನ್ನು ತಿರುಗಿಸಿ ಹಿಂಬದಿಯಲ್ಲಿ ಬೇರೊಬ್ಬರ ಹೆಸರು ಕೊರೆದದ್ದಕ್ಕೂ ಇದೇ ಹೆಸರು ಬಂತು. 1979ರಲ್ಲಿ ವಾಯೇಜರ್ ನೌಕೆಗಳು ಗುರುಗ್ರಹದ ಉಪಗ್ರಹಗಳ ಚಿತ್ರ ಕಳಿಸಿದ ಮೇಲೆ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊಗಳ ಹಿಮದ ನೆಲದಲ್ಲಿ ಏರುತಗ್ಗು ಸವೆದುಹೋಗಿ ಬರಿಯ ತಿಳಿಬಣ್ಣದ ದುಂಡು ಗುರುತಾಗಿ ಉಳಿದ ಪುರಾತನ ಕುಳಿಗಳಿಗೂ ವಿಜ್ಞಾನಿಗಳು ಈ ಹೆಸರನ್ನೇ ಕೊಟ್ಟರು. ನಿಮ್ಮ ಪರೀಕ್ಷೆಯ ದೃಷ್ಟಿಯಿಂದ ಮುಖ್ಯವಾದದ್ದು ನೆಹರೂ ಅವರ ಬಳಕೆ. 1946ರಲ್ಲಿ ಪ್ರಕಟವಾದ ‘ದ ಡಿಸ್ಕವರಿ ಆಫ್ ಇಂಡಿಯಾ’ದಲ್ಲಿ ಅವರು ಭಾರತವನ್ನು ಪ್ರಾಚೀನ ಪ್ಯಾಲಿಂಪ್‌ಸೆಸ್ಟಿಗೆ ಹೋಲಿಸಿ, ಅದರ ಮೇಲೆ ಚಿಂತನೆಯ ಪದರದ ಮೇಲೆ ಪದರ ಬರೆಯಲ್ಪಟ್ಟಿದ್ದರೂ ಯಾವ ಪದರವೂ ತನ್ನ ಹಿಂದಿನದನ್ನು ಪೂರ್ತಿ ಮುಚ್ಚಲೂ ಇಲ್ಲ, ಅಳಿಸಲೂ ಇಲ್ಲ ಎನ್ನುತ್ತಾರೆ. ‘ಪದರ’ದ ಜೊತೆಗೆ ‘ಅಳಿಸುವಿಕೆ’ಯನ್ನೂ ಅವರು ಕೈಬಿಟ್ಟಿಲ್ಲ ಎಂಬುದನ್ನು ಗಮನಿಸಿ. ಪ್ರಬಂಧಗಳಲ್ಲಿ ಆ ವಾಕ್ಯವನ್ನು ಅನುಕರಿಸುವವರು ಹೆಚ್ಚಾಗಿ ಪದರವನ್ನು ಇಟ್ಟುಕೊಂಡು ಅಳಿಸುವಿಕೆಯನ್ನು ಬಿಡುತ್ತಾರೆ.

ಬಿಟ್ಟಾಗ ಆಗುವ ನಷ್ಟ ನಮ್ಮೂರಿನ ಉದಾಹರಣೆಗಳಿಂದ ಸ್ಪಷ್ಟವಾಗುತ್ತದೆ. ಕೌದಿಯಲ್ಲಿ ಹತ್ತಾರು ಹಳೆಯ ಸೀರೆಗಳ ತುಂಡುಗಳು ಪಕ್ಕಪಕ್ಕದಲ್ಲಿ ಕೂಡಿ ಬಾಳುತ್ತವೆ, ಯಾವುದೂ ಯಾವುದನ್ನೂ ಅಳಿಸಿಲ್ಲ, ಆದ್ದರಿಂದ ಹಲವು ಭಾಷೆಗಳು ಕೂಡಿ ಬಾಳುವ ಬಳ್ಳಾರಿಯ ಪೇಟೆಬೀದಿಯನ್ನು ಹೊಗಳಬೇಕಾದರೆ ‘ಮೊಸಾಯಿಕ್’ ಎನ್ನುವುದು ಸರಿ. ಮಸ್ಕಿಯ ಅಶೋಕನ ಶಾಸನದ ಅಕ್ಷರಗಳು ಹಲವೆಡೆ ಸವೆದಿವೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಬಂಡೆಯಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೂ ಸಿಕ್ಕಿ ಇತಿಹಾಸದ ಒಂದು ದೊಡ್ಡ ಗಂಟು ಬಿಚ್ಚಿಕೊಂಡಿತು. ಆದರೂ ಅದನ್ನು ಪ್ಯಾಲಿಂಪ್‌ಸೆಸ್ಟ್ ಎನ್ನಲಾಗದು, ಅದನ್ನು ಸವೆಸಿದ್ದು ಮಳೆ ಬಿಸಿಲು, ಅದರ ಮೇಲೆ ಯಾರೂ ಬೇರೆ ಏನನ್ನೂ ಬರೆದಿಲ್ಲ. ಸಂಗನಕಲ್ಲಿನ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕರಿಕಲ್ಲಿನ ಮೇಲೆ ಕುಟ್ಟಿ ಮೂಡಿಸಿದ ಉದ್ದಕೊಂಬಿನ ದನಗಳ ಚಿತ್ರಗಳ ನಡುವೆ ಮತ್ತು ಮೇಲೆ ಮುಂದಿನ ಕಾಲದವರ ಚಿತ್ರಗಳೂ ಇವೆ. ಹಳೆಯವು ಕಲ್ಲಿನ ಬಣ್ಣಕ್ಕೆ ತಿರುಗಿವೆ, ಹೊಸವು ಬೆಳ್ಳಗಿವೆ. ಪುರಾತತ್ತ್ವದವರು ಇಂಥ ಒಂದರ ಮೇಲೊಂದು ಬಿದ್ದ ಗುರುತುಗಳಿಗೂ ಈ ಪದವನ್ನು ಬಳಸುತ್ತಾರೆ. ಅದು ಸ್ವಲ್ಪ ಸಡಿಲ ಬಳಕೆ, ಆದರೆ ಕೆಳಗಿನದನ್ನು ಲೆಕ್ಕಿಸದೆ ಮೇಲೆ ಕುಟ್ಟಿರುವುದರಿಂದ ಒಪ್ಪಬಹುದು. ಅಕ್ಷರಶಃ ಒಪ್ಪುವ ಉದಾಹರಣೆ ಬೇಕೆಂದರೆ ಯಾವ ಊರಿನಲ್ಲಾದರೂ ಸುಣ್ಣ ಬಳಿದ ಗೋಡೆ ನೋಡಿ. ಕಳೆದ ಚುನಾವಣೆಯ ಗುರುತನ್ನು ಅಳಿಸಲೆಂದು ಬಳಿದ ಸುಣ್ಣದ ಮೇಲೆ ಸಿಮೆಂಟಿನ ಜಾಹೀರಾತು ಬರೆದಿರುತ್ತಾರೆ, ಒಂದು ಮಳೆಗಾಲ ಕಳೆದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಕನ್ನಡ ರೂಪದ ವಿಷಯ. ‘ಮರುಬರಹ’ ಎಂದರೆ ತಿದ್ದಿ ಬರೆದದ್ದು ಎಂಬ ಬೇರೆ ಅರ್ಥ ಬರುತ್ತದೆ, ‘ಬಹುಪದರ’ ಎಂದರೆ ಹೆರೆದದ್ದು ಕಾಣೆಯಾಗುತ್ತದೆ. ಹಸ್ತಪ್ರತಿಯ ಅರ್ಥಕ್ಕೆ ನಾನು ‘ಹೆರೆದೋಲೆ’ ಎಂದು ಬರೆಯುತ್ತೇನೆ. ಚರ್ಮವನ್ನೂ ತೆಂಗಿನಕಾಯಿಯನ್ನೂ ಹೆರೆಯುವ ನಮ್ಮ ನಿತ್ಯದ ಕ್ರಿಯಾಪದ ಅದರಲ್ಲಿದೆ, ‘ಓಲೆ’ ಎಂಬುದು ತಾಳೆಗರಿಯಿಂದ ಹೊರಟು ಯಾವುದೇ ಬರಹದ ಹಾಳೆಗೆ ಈಗಾಗಲೇ ಒಗ್ಗಿದೆ. ಓದುಗರಿಗೆ ಹೊಸದೆನಿಸಿದರೆ ಮೊದಲ ಸಲ ಪ್ಯಾಲಿಂಪ್‌ಸೆಸ್ಟ್ ಎಂಬ ಪದವನ್ನೇ ಇಟ್ಟು ಒಂದು ಸಾಲಿನ ವಿವರಣೆ ಕೊಡುವುದರಲ್ಲಿ ತಪ್ಪೇನಿಲ್ಲ. ರೂಪಕವಾಗಿ ಬಂದಾಗ ಮಾತ್ರ ಒಂದೇ ಪದಕ್ಕೆ ಕಟ್ಟುಬೀಳದೆ ವಾಕ್ಯವಾಗಿ ಬಿಡಿಸುವುದು ಒಳ್ಳೆಯದು.

ಕೊನೆಗೆ ನಿಮ್ಮ ಕೋಟೆ. ಅದರ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದೆ, ಅಂಥ ಕಲ್ಲನ್ನು ಬಂಡಿಯ ಮೇಲೆ ಜಾನುವಾರುಗಳ ಸಾಲಿನಿಂದ ಎಳೆಸುತ್ತಿರುವ ರೇಖಾಚಿತ್ರವೂ ಗೋಡೆಯ ಮೇಲಿದೆ. ಆಮೇಲೆ ಬಹಮನಿಗಳು, ಆದಿಲಶಾಹಿಗಳು, 1520ರ ಯುದ್ಧದಲ್ಲಿ ಗೆದ್ದ ಕೃಷ್ಣದೇವರಾಯ, ಹೀಗೆ ಹಲವರ ಕೈಗೆ ಕೋಟೆ ಹೋಯಿತು, ಆದರೆ ಆ ಶಾಸನವನ್ನು ಯಾರೂ ಹೆರೆಯಲಿಲ್ಲ. ಆ ಗೋಡೆಯ ಮಟ್ಟಿಗೆ ನಿಮ್ಮ ಲೇಖಕರ ಪದ ಒಪ್ಪುವುದಿಲ್ಲ, ಅಲ್ಲಿ ಒಬ್ಬರು ಕಟ್ಟಿದ್ದರ ಹೊರಗೆ ಇನ್ನೊಬ್ಬರು ಕಟ್ಟಿದ್ದಾರೆ ಅಷ್ಟೆ. ನಮ್ಮ ಭಾಗದ ಕೋಟೆಗಳಲ್ಲಿ ಹಳೆಯ ಗುಡಿಯ ಕಂಬವೋ ಕೆತ್ತನೆಯ ಕಲ್ಲೋ ತನ್ನ ಮೊದಲಿನ ಕೆಲಸ ಕಳೆದುಕೊಂಡು, ಅಡ್ಡಲಾಗಿ ಮಲಗಿ, ಬಾಗಿಲುಗೋಡೆಯ ಒಂದು ಸಾಮಾನ್ಯ ಕಲ್ಲಾಗಿ ಸೇರಿಹೋಗಿರುವ ಜಾಗಗಳಿವೆ. ಅಂಥ ಕಡೆ ಆ ಪದ ಚಾಚೂ ತಪ್ಪದೆ ಒಪ್ಪುತ್ತದೆ. ವಾಕ್ಯವನ್ನು ಕನ್ನಡಕ್ಕೆ ತರಬೇಕಾದರೆ ಹೀಗೆ ಬರೆಯಿರಿ: ‘ಒಂದು ಅರಸುಮನೆತನದ ಗುರುತನ್ನು ಹೆರೆದು ಇನ್ನೊಂದು ತನ್ನದನ್ನು ಮೂಡಿಸಿದ, ಹೆರೆದದ್ದೂ ಇನ್ನೂ ಕಾಣುವ ಕೋಟೆ ಇದು.’ ಬರೆಯುವ ಮುಂಚೆ ಒಮ್ಮೆ ಹೋಗಿ ನೋಡಿಬನ್ನಿ. ಹೋಗುವುದಾದರೆ ಸಂಜೆಯ ಇಳಿಬಿಸಿಲಿನ ಹೊತ್ತು ಆರಿಸಿಕೊಳ್ಳಿ, ಸವೆದ ಕೆತ್ತನೆ ನಡುಹಗಲಿಗಿಂತ ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ.